ಅದುರುವ ಚಕ್ರ

ನನ್ನ ಕಾರಿಗೆ ಈಗ 14 ವರ್ಷ. ಊರೊಳಗೆ ಅದು ಸಾಧು ಪ್ರಾಣಿ. ಹಾಸನದಿಂದ ಹೊರಟು ಬೆಂಗಳೂರಿನ ಹೆದ್ದಾರಿಯಲ್ಲಿ ವೇಗ ಗಂಟೆಗೆ 80 ಕಿಲೋಮೀಟರು ಮುಟ್ಟಿತೆಂದರೆ ಮಾತ್ರ ಸ್ಟಿಯರಿಂಗ್ ಚಕ್ರ ಚಳಿಜ್ವರ ಬಂದವರ ಹಾಗೆ ನಡುಗತೊಡಗುತ್ತಿತ್ತು.

ಕೈಗೆ ನಡುಕ ತಾಗುವುದು ಸ್ಟಿಯರಿಂಗಿನಲ್ಲಿ. ಆದುದರಿಂದ ರೋಗವೂ ಅಲ್ಲಿಯೇ ಎಂದು ನಾನು ತೀರ್ಮಾನಿಸಿದ್ದೆ. ಗ್ಯಾರೇಜಿನ ಸಾಬರು ಮಾತ್ರ ಅದನ್ನು ಮುಟ್ಟಲೇ ಇಲ್ಲ. "ಬ್ರೇಕ್ ಒತ್ತಿದಾಗ ಹೆಚ್ಚಾಗುತ್ತದೆಯೆ?" ಎಂದು ಕೇಳಿದರು. ಇಲ್ಲವೆಂದೆ. ಹಾಗಾದರೆ ಬ್ರೇಕಿನ ಡಿಸ್ಕಿನ ಮೇಲೆ ಅನುಮಾನ ಬೇಡ. ಮುಂದಿನ ಚಕ್ರಗಳನ್ನು ಜಾಕಿಯಿಂದ ಎತ್ತಿ, ಎಡಬಲಗಳಲ್ಲಿ ಹಿಡಿದು, ಮೇಲೆ ಕೆಳಗೆ ಹಿಡಿದು ಅಲುಗಿಸಿದರು. ಎಲ್ಲಿಯೂ ಸಡಿಲವಿಲ್ಲ, ಕೀಲುಗಳೂ ಬೇರಿಂಗೂ ನಿರ್ದೋಷಿಗಳು. ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ ರಿಮ್ಮಿಗೆ ಕೆಲವು ಗ್ರಾಂ ತೂಕದ ತುಂಡುಗಳನ್ನು ಕೂಡಿಸಿಯಾಯಿತು. ನಡುಕ ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಕೊನೆಗೆ ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಹೆದ್ದಾರಿಯಲ್ಲಿ ಓಡಿಸಿದರು. ಕೈಯ ನಡುಕ ನಿಂತಿತು. ಕುಳಿತ ಸೀಟು ನಡುಗಿತು! ಹಿಂದಕ್ಕೆ ಹೋದ ಎಡಗಡೆಯ ಟೈರನ್ನು ತಿರುಗಿಸಿ ನೋಡಿದರೆ ಒಂದು ಕಡೆ ಸಣ್ಣ ಉಬ್ಬು. ಒಳಗಿನ ಪದರ ಬಿಟ್ಟುಕೊಂಡಿತ್ತು.

ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ 'ಶೇಷವತ್' ಎಂಬ ಅನುಮಾನಕ್ಕೆ ಎರಡು ಅರ್ಥ ಹೇಳುತ್ತಾನೆ. ಕಾರ್ಯದಿಂದ ಕಾರಣವನ್ನು ಊಹಿಸುವುದು ಒಂದು. ಅಲ್ಲದುದನ್ನೆಲ್ಲ ಕಳೆದು ಉಳಿದುದನ್ನು ಹಿಡಿಯುವುದು ಇನ್ನೊಂದು. ಪುಸ್ತಕದಲ್ಲಿ ಓದಿದ್ದೆ. ಎರಡನ್ನೂ ಒಟ್ಟಿಗೆ ಕಣ್ಣಾರೆ ಕಂಡದ್ದು ಆ ಗ್ಯಾರೇಜಿನಲ್ಲಿ.

"ಇದು ಯಾವಾಗ ಬೇಕಾದರೂ ಒಡೆಯಬಹುದು, ಬೇಗ ಬದಲಿಸಿಬಿಡಿ ಮೇಷ್ಟ್ರೆ" ಎಂದರು ಸಾಬರು. ಕಾರನ್ನು ಮಾರುವುದೆಂದು ಮನೆಯಲ್ಲಿ ಆಗಲೇ ನಿಶ್ಚಯವಾಗಿತ್ತು. ಮಾರುವ ಕಾರಿಗೆ ಹೊಸ ಟೈರೇಕೆಂದು ಸುಮ್ಮನಾದೆ.

ಮುಂದಿನ ಭಾನುವಾರ ಒಬ್ಬ ತರುಣ ಹೆಂಡತಿ ಮಗುವಿನೊಡನೆ ಕಾರು ನೋಡಲು ಬಂದ. ಬೀದಿಯಲ್ಲಿ ಒಂದು ಸುತ್ತು ಹೊಡೆದು, "ಹೆದ್ದಾರಿಯಲ್ಲಿ ಸ್ಟಿಯರಿಂಗ್ ಅದುರುವುದಿಲ್ಲ ತಾನೆ, ಸಾರ್?" ಎಂದು ಕೇಳಿದ.

"ಇಲ್ಲ" ಎಂದೆ.

ಅಕ್ಷರಶಃ ಸತ್ಯ. ಧರ್ಮರಾಯನ ಬಾಯಿಂದ ಬಂದುದೂ ಇಂಥದೇ ಒಂದು ಸತ್ಯ; ಅದುವರೆಗೆ ನೆಲದಿಂದ ನಾಲ್ಕು ಬೆರಳು ಮೇಲೆ ನಿಂತಿದ್ದ ಅವನ ರಥ ನೆಲಕ್ಕಿಳಿಯಿತಂತೆ. ನನ್ನದಾದರೋ ಮೊದಲಿನಿಂದಲೂ ನೆಲದ ಮೇಲೆಯೇ ಓಡುವ ವಾಹನ, ಇನ್ನು ಇಳಿಯುವುದೆಲ್ಲಿಗೆ? ಹೀಗೆ ನಗೆಯಾಡಿ ಮನಸ್ಸನ್ನು ಒಪ್ಪಿಸಲು ನೋಡಿದೆ, ಅದು ಒಪ್ಪಲಿಲ್ಲ. ಕಾರಣ ತಿಳಿಯುವುದಕ್ಕೆ ಮುಂಚೆ ಅವನು ಬಂದಿದ್ದರೆ "ಅದುರುತ್ತದೆ, ಏಕೋ ತಿಳಿಯದು" ಎನ್ನುತ್ತಿದ್ದೆ. ತಿಳಿದ ಮೇಲೆ ಅಷ್ಟನ್ನೂ ಹೇಳದವನಾದೆನಲ್ಲ! ತಿಳಿವಿನಿಂದ ನನಗೆ ದೊರೆತದ್ದು ಸುಳ್ಳಾಡದೆ ಮೋಸ ಮಾಡುವ ಅನುಕೂಲ.

ಅವನು ಮುಂಗಡದ ನೋಟುಗಳನ್ನು ಎಣಿಸುತ್ತಿದ್ದ. ಆ ಹುಡುಗಿ ಹಿಂದಿನ ಸೀಟಿನಲ್ಲಿ ಮಗುವನ್ನು ಮಲಗಿಸಿ, ಜಾಗ ಸಾಲುವುದೋ ಎಂದು ನೋಡುತ್ತಿದ್ದಳು. ಎಡಗಡೆಗೇ ಮಲಗಿಸಿದ್ದಳು. ತಡೆಯಲಾಗಲಿಲ್ಲ, ಟೈರಿನ ಸಂಗತಿಯನ್ನು ಹೇಳಿಬಿಟ್ಟೆ.

ನೋಟುಗಳು ಜೇಬಿಗೆ ಮರಳಿದವು. "ಇನ್ನೂ ಏನೇನಿದೆ, ಸಾರ್?" ಎಂದ.

"ಬೇರೇನೂ ಇಲ್ಲಪ್ಪ" ಎಂದೆ. ಅದೂ ನಿಜವೇ. ಅವನು ನಂಬಲಿಲ್ಲ, ನಂಬುವುದಕ್ಕೆ ನಾನು ಅವನಿಗೆ ಆಧಾರವನ್ನೂ ಉಳಿಸಿರಲಿಲ್ಲ.

ಮರುದಿನ ಟೈರು ಬದಲಿಸಿದೆ. ಕಾರು ಇನ್ನೂ ನಮ್ಮ ಮನೆಯ ಮುಂದೆಯೇ ನಿಂತಿದೆ.