ಅನ್ನದ ಖಿರ್ದಿ

ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮ ತಾತನವರು ಸಂಜೆ ದೀಪ ಹಚ್ಚಿದ ತರುವಾಯ ಖಿರ್ದಿ ಪುಸ್ತಕವನ್ನು ಮುಂದಿರಿಸಿಕೊಂಡು ಕುಳಿತರೆಂದರೆ, ಆ ದಿನದ ಜಮಾ ಖರ್ಚುಗಳನ್ನೆಲ್ಲ ಬರೆದು, ಕೊನೆಗೆ ತೆಗೆದ ಶಿಲ್ಕು ಪೆಟ್ಟಿಗೆಯಲ್ಲಿದ್ದ ನಗದಿನೊಡನೆ ಕಾಸಿಗೆ ಕಾಸು ತಾಳೆಯಾಗುವವರೆಗೆ ಊಟಕ್ಕೆ ಏಳುತ್ತಿರಲಿಲ್ಲ. ಅಂಥವರು ಎಲೆಯ ಮುಂದೆ ಕುಳಿತೊಡನೆ ಲೆಕ್ಕವೆಂಬುದನ್ನೇ ಮರೆತುಬಿಡುತ್ತಿದ್ದುದು ಬಾಲ್ಯದಲ್ಲಿ ನನಗೆ ಸೋಜಿಗವಾಗಿ ತೋರುತ್ತಿತ್ತು. ಒಮ್ಮೆ ಅಣ್ಣನ ಎಲೆಯಲ್ಲಿದ್ದ ಕಜ್ಜಾಯಗಳನ್ನು ನಾನು ಗಟ್ಟಿಯಾಗಿ ಎಣಿಸಿದುದಕ್ಕೆ, ಅಜ್ಜಿ ಸೌಟಿನ ಹಿಡಿಯಿಂದ ನನ್ನ ಮಂಡಿಯ ಮೇಲೆ ಮೆಲ್ಲಗೆ ತಟ್ಟಿ, ಉಣ್ಣುವವರ ತುತ್ತು ಎಣಿಸಬಾರದೆಂದು ಹೇಳಿದರು. ಹಣಕ್ಕೆ ಲೆಕ್ಕವುಂಟು, ಅನ್ನಕ್ಕಿಲ್ಲ ಎಂಬ ಈ ಮನೆಯ ಧರ್ಮವನ್ನು ಐವತ್ತನಾಲ್ಕು ವರ್ಷಗಳವರೆಗೆ ನಿಷ್ಠೆಯಿಂದ ಪಾಲಿಸಿಕೊಂಡು ಬಂದ ನನ್ನನ್ನು, ಈಗ ನಾನು ನೆಲೆಸಿರುವ ಅಮೆರಿಕದ ಕನೆಕ್ಟಿಕಟ್ಟಿನ ವೈದ್ಯರೊಬ್ಬರ ಕೊಠಡಿಯ ತೂಕದ ಯಂತ್ರವು ಒಂದು ಬೆಳಗ್ಗೆ 196 ಪೌಂಡೆಂದು ಘೋಷಿಸಿತು.

ಐದಡಿ ಏಳಂಗುಲದ ದೇಹಕ್ಕೆ ಅದು ಹೊರೆಯೇ ಸರಿ. ಭಾರತೀಯರಲ್ಲಿ ಕೊಬ್ಬು ಹೊಟ್ಟೆಯ ಸುತ್ತ ಸಂಚಯವಾಗುವ ಪ್ರವೃತ್ತಿ ಹೆಚ್ಚಾದುದರಿಂದ, ಇತರರಿಗೆ 25 ಎಂದಿರುವ ಬಿ.ಎಂ.ಐ. ಎಲ್ಲೆಯನ್ನು ನಮಗೆ 23 ಎಂದೇ ಎಣಿಸಬೇಕೆಂದೂ, ನನ್ನದು 30ನ್ನು ದಾಟಿರುವುದೆಂದೂ, ರಕ್ತದಲ್ಲಿನ ಸಕ್ಕರೆ ಮಧುಮೇಹದ ಹೊಸ್ತಿಲಲ್ಲಿ ನಿಂತಿದೆಯೆಂದೂ ವೈದ್ಯರು ತಿಳಿಸಿ, ತಿಂದುದನ್ನೆಲ್ಲ ಬರೆದಿಡಿರೆಂದು ಸೂಚಿಸಿದರು. ಅಂದರೆ ತಾತನವರ ಖಿರ್ದಿಯನ್ನು ಅಜ್ಜಿಯ ಅಡುಗೆಮನೆಯೊಳಕ್ಕೆ ತರಬೇಕಾಯಿತು.

ಆಹಾರವನ್ನು ಕ್ಯಾಲೊರಿಯಲ್ಲಿ ಅಳೆಯುವ ಈ ಲೆಕ್ಕಕ್ಕೆ ಅಮೆರಿಕದಲ್ಲಿ ಅಡಿಪಾಯ ಬಿದ್ದುದು ನಮ್ಮ ಮನೆಯಿಂದ ಅರ್ಧ ಗಂಟೆಯ ಹಾದಿಯಲ್ಲಿರುವ ಮಿಡಲ್‌ಟೌನ್ ಪಟ್ಟಣದಲ್ಲಿ ಎಂಬುದು ನನಗೆ ಆಗ ತಿಳಿದಿರಲಿಲ್ಲ. ಅಲ್ಲಿಯ ವೆಸ್ಲಿಯನ್ ವಿಶ್ವವಿದ್ಯಾಲಯದ ಜಡ್ ಹಾಲ್ ಎಂಬ ಕಟ್ಟಡದ ನೆಲಮಾಳಿಗೆಯಲ್ಲಿ, 1890ರ ದಶಕದಲ್ಲಿ, ವಿಲ್ಬರ್ ಆಟ್‌ವಾಟರ್ ಎಂಬ ರಸಾಯನಶಾಸ್ತ್ರಜ್ಞರು ಎಡ್ವರ್ಡ್ ರೋಸಾ ಎಂಬ ಭೌತವಿಜ್ಞಾನಿಯ ನೆರವಿನಿಂದ ಏಳಡಿ ಉದ್ದ, ನಾಲ್ಕಡಿ ಅಗಲದ ಒಂದು ಪೆಟ್ಟಿಗೆಯನ್ನು ನಿರ್ಮಿಸಿ, ಅದರೊಳಗೆ ಮನುಷ್ಯನನ್ನು ದಿನಗಟ್ಟಲೆ ಕೂರಿಸಿ, ಕಿಂಡಿಯೊಂದರಿಂದ ತೂಗಿದ ಆಹಾರವನ್ನು ಒಳಕ್ಕೆ ಕಳುಹಿಸಿ, ಅವನ ಮೈಯಿಂದ ಹೊರಟ ಶಾಖವನ್ನೂ ಉಸಿರನ್ನೂ ಅಳೆದರು. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸುವ ಶಾಖವೇ ಒಂದು ಕ್ಯಾಲೊರಿ. ಒಲೆಯಲ್ಲಿ ಸೌದೆ ಉರಿಯುವ ನಿಯಮವೇ ನರದೇಹಕ್ಕೂ ಅನ್ವಯಿಸುವುದೆಂದು ಆ ಪೆಟ್ಟಿಗೆ ತೋರಿಸಿಕೊಟ್ಟಿತು; ಜಠರಾಗ್ನಿಯೆಂದು ನಮ್ಮವರು ಕರೆದುದು ಬರಿಯ ಅಲಂಕಾರವಲ್ಲವೆಂದು ನಾನು ಒಳಗೊಳಗೇ ಹಿಗ್ಗಿದೆನು. ಒಂದು ಗ್ರಾಂ ಪಿಷ್ಟಕ್ಕೂ ಸಸಾರಜನಕಕ್ಕೂ ನಾಲ್ಕು, ಕೊಬ್ಬಿಗೆ ಒಂಬತ್ತು ಎಂದು ಇಂದಿಗೂ ಪೊಟ್ಟಣಗಳ ಮೇಲೆ ಅಚ್ಚಾಗುವ ಲೆಕ್ಕ ಅವರದೇ. ಆದರೆ ಆಟ್‌ವಾಟರರ ಚಿಂತೆ ಬೊಜ್ಜಿನದಲ್ಲ. ಕೂಲಿಕಾರನ ಸಂಸಾರಕ್ಕೆ ಕಡಮೆ ಹಣದಲ್ಲಿ ಹೆಚ್ಚು ಪುಷ್ಟಿ ದೊರಕಿಸುವುದು ಅವರ ಉದ್ದೇಶವಾಗಿತ್ತು. ಅದೇ ಅಳತೆಗೋಲನ್ನು ತಿರುವುಮುರುವಾಗಿ ಹಿಡಿದು, ಮೈ ಇಳಿಸುವವರ ಕೈಗೆ ಕೊಟ್ಟವರು 1918ರಲ್ಲಿ ಪುಸ್ತಕ ಬರೆದ ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆ.

ಇನ್ನು ನಮ್ಮ ಅಡುಗೆಮನೆಯ ಸಂಗತಿ. ಮೂವತ್ತು ಡಾಲರಿನ ಒಂದು ಪುಟ್ಟ ತಕ್ಕಡಿಯನ್ನು ತಂದು ಒಲೆಯ ಪಕ್ಕದಲ್ಲಿಟ್ಟಾಗ ನನ್ನ ಹೆಂಡತಿ ಅದನ್ನು ಅಪರಿಚಿತ ಅತಿಥಿಯನ್ನು ನೋಡುವಂತೆ ನೋಡಿದಳು. ಆಕೆಯ ಪಾಕಶಾಸ್ತ್ರವೆಲ್ಲ ಕೈಯಳತೆಯದು: ಒಂದು ಹಿಡಿ, ಒಂದು ಚಿಟಿಕೆ, ‘ಕಣ್ಣಿಗೆ ಕಂಡಷ್ಟು.’ ಬೆಂದ ಅನ್ನ ನೂರು ಗ್ರಾಮಿಗೆ 130 ಕ್ಯಾಲೊರಿಯೆಂದು ತಿಳಿದು ನಾನು ಅನ್ನವನ್ನು ಶ್ರದ್ಧೆಯಿಂದ ತೂಗಿದೆನು, ಹುಳಿಯೊಳಗಿನ ಬೇಳೆಯನ್ನು ಊಹಿಸಿದೆನು, ಪಲ್ಯವನ್ನು ತರಕಾರಿಯೆಂದು ಬರೆದುಕೊಂಡೆನು. ಮೂರು ವಾರ ಕಳೆದರೂ ತೂಕ ಕದಲಲಿಲ್ಲ. ಖಿರ್ದಿಗೂ ಪೆಟ್ಟಿಗೆಗೂ ತಾಳೆಯಾಗದಿದ್ದರೆ ಬರೆಯದೆ ಬಿಟ್ಟ ಬಾಬು ಒಂದಿದೆಯೆಂದೇ ಅರ್ಥವೆಂದು ತಾತನವರು ಹೇಳುತ್ತಿದ್ದುದು ನೆನಪಾಗಿ, ಒಂದು ಸಂಜೆ ಅಡುಗೆಗೆ ಮೊದಲು ಎಣ್ಣೆಯ ಶೀಶೆಯನ್ನೇ ತಕ್ಕಡಿಯ ಮೇಲಿಟ್ಟು ನೋಡಿದೆನು. ಸಾಸಿವೆ ಸಿಡಿಯಿತು, ಕರಿಬೇವು ಚುರುಗುಟ್ಟಿತು, ಹುರುಳಿಕಾಯಿ ಪಲ್ಯಕ್ಕೂ ಹುಳಿಗೂ ಒಗ್ಗರಣೆಯಾಯಿತು. ಶೀಶೆಯನ್ನು ಮತ್ತೆ ಇಟ್ಟಾಗ ಹಿಂದಿನ ಅಂಕಿಗಿಂತ 82 ಗ್ರಾಂ ಕಡಮೆ. ಉಣ್ಣುವವರು ನಾವಿಬ್ಬರೇ, ನನ್ನ ಪಾಲಿಗೆ 41 ಗ್ರಾಂ, ಎಂದರೆ 369 ಕ್ಯಾಲೊರಿ, ಸುಮಾರು ಎರಡು ಬಟ್ಟಲು ಅನ್ನಕ್ಕೆ ಸಮ. ಕದ್ದವರಾರೂ ಇಲ್ಲದೆ ಕಳವು ನಡೆದಂತಿತ್ತು. ಹೆಂಡತಿ ಆ ಅಂಕಿಯನ್ನು ಎರಡು ಸಲ ಓದಿ, ಮಾತನಾಡದೆ, ಮರುದಿನದಿಂದ ಶೀಶೆಯನ್ನು ಬದಿಗಿಟ್ಟು ಚಮಚವನ್ನು ಕೈಗೆತ್ತಿಕೊಂಡಳು.

ಒಂಬತ್ತು ತಿಂಗಳಲ್ಲಿ 28 ಪೌಂಡು ಇಳಿದುವು. ಇಳಿದ ಕಥೆ ಯಾರದಾದರೂ ಒಂದೇ. ಅದನ್ನು ವಿಸ್ತರಿಸುವುದು ಓದುಗರ ತಾಳ್ಮೆಗೆ ಹಿಂಸೆ. ಕಷ್ಟವಿರುವುದು ಅನಂತರ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, ಮಿನೆಸೋಟದಲ್ಲಿ, ಆನ್ಸೆಲ್ ಕೀಸ್ ಎಂಬವರು 36 ಮಂದಿ ಸ್ವಯಂಸೇವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿರಿಸಿ ಪರೀಕ್ಷಿಸಿದಾಗ, ದೇಹವು ಬರಗಾಲಕ್ಕೆ ಸಿಕ್ಕಿದ ಗೃಹಸ್ಥನಂತೆ ಖರ್ಚನ್ನು ಬಿಗಿಹಿಡಿಯುವುದೂ, ಮನಸ್ಸು ಹಗಲಿರುಳೂ ಅನ್ನವನ್ನೇ ಧ್ಯಾನಿಸುವುದೂ ಕಂಡುಬಂದುವು. ದೂರದರ್ಶನದ ಸ್ಪರ್ಧೆಯೊಂದರಲ್ಲಿ ಅತಿಶೀಘ್ರವಾಗಿ ಮೈ ಇಳಿಸಿದ್ದ 14 ಮಂದಿಯನ್ನು ಆರು ವರ್ಷಗಳ ಮೇಲೆ ಕೆವಿನ್ ಹಾಲ್ ಮತ್ತು ಸಂಗಡಿಗರು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯಾದರೋ, ತೂಕ ಬಹುಪಾಲು ಮರಳಿದ್ದರೂ ಅವರ ದೇಹಗಳು ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಮೆ ವ್ಯಯಿಸುತ್ತಿದ್ದುವು. ಮೈ ಇಳಿಸುವುದು ಸಾಲ ತೀರಿಸಿದಂತಲ್ಲ, ಚಿಕ್ಕ ಸಂಬಳದ ನೌಕರಿಗೆ ವರ್ಗವಾದಂತೆ; ಹಳೆಯ ಖರ್ಚಿಗೆ ಹಿಂದಿರುಗಿದ ತಿಂಗಳೇ ಸಾಲ ಮತ್ತೆ ಬೆಳೆಯತೊಡಗುವುದು. ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ 1994ರಲ್ಲಿ ತೆರೆದ ರಾಷ್ಟ್ರೀಯ ದಾಖಲೆಯಲ್ಲಿ, 30 ಪೌಂಡಾದರೂ ಇಳಿಸಿ ವರ್ಷವಾದರೂ ಉಳಿಸಿಕೊಂಡವರ ಹೆಸರುಗಳಿವೆ. ಅವರಲ್ಲಿ ಹೆಚ್ಚಿನವರು ಪದೇ ಪದೇ ತೂಕ ನೋಡಿಕೊಳ್ಳುವವರು, ದಿನಕ್ಕೊಂದು ಗಂಟೆಯಷ್ಟು ವ್ಯಾಯಾಮ ಮಾಡುವವರು, ಲೆಕ್ಕವನ್ನು ಕೈಬಿಡದವರು. ನನ್ನ 28 ಪೌಂಡು ಆ ಸಭೆಯ ಬಾಗಿಲಿಗೆ ಎರಡು ಪೌಂಡಿನಷ್ಟು ಕಡಮೆಯೆಂಬುದನ್ನು ಸಂಕೋಚದಿಂದ ಒಪ್ಪಿಕೊಳ್ಳುತ್ತೇನೆ.

ಈಗ ನಾಲ್ಕು ವರ್ಷವಾಯಿತು. ತಕ್ಕಡಿ ದಿನವೂ ಬೇಕಾಗುವುದಿಲ್ಲ. ತೂಗಿ ತೂಗಿ ಕಣ್ಣಿಗೇ ತೂಕ ಬಂದಿದೆ, ಸೌಟಿನಲ್ಲಿರುವುದು 150 ಗ್ರಾಂ ಅನ್ನವೆಂದು ನಾನು ಹೇಳಿದರೆ ಐದಾರು ಗ್ರಾಮಿಗಿಂತ ಹೆಚ್ಚು ತಪ್ಪುವುದಿಲ್ಲ. ನನ್ನ ಹೆಂಡತಿ ಹುಟ್ಟಿನಿಂದ ಪಡೆದಿದ್ದ ಆ ಅಂದಾಜಿನ ವಿದ್ಯೆಗೆ ನಾನು ತಕ್ಕಡಿಯ ಮೂಲಕ ಸುತ್ತಿ ಬಳಸಿ ಬಂದು ಸೇರಿದಂತಾಯಿತು, ಆಕೆ ಇದನ್ನು ಬಂದವರಿಗೆಲ್ಲ ಹೇಳುವುದುಂಟು.

ಕಳೆದ ಯುಗಾದಿಗೆ ಇಲ್ಲಿಯ ನಮ್ಮ ಕನ್ನಡಿಗರ ಸಂಘದವರು ಶಾಲೆಯೊಂದರ ಸಭಾಂಗಣದಲ್ಲಿ ಸಾಲುಮೇಜು ಹಾಕಿ ಊಟವಿಟ್ಟಿದ್ದರು. ಒಬ್ಬಟ್ಟಿನ ಮುಂದೆ ನಾನು ಅರೆಗಳಿಗೆ ನಿಂತು ಮನಸ್ಸಿನಲ್ಲಿಯೇ ಕೂಡಿಸುತ್ತಿದ್ದುದನ್ನು, ಮಗನ ಮನೆಗೆಂದು ಹಾಸನದಿಂದ ಬಂದಿದ್ದ ವೃದ್ಧೆಯೊಬ್ಬರು ಬಡಿಸುತ್ತ ನಿಂತವರು ಕಂಡುಹಿಡಿದುಬಿಟ್ಟರು. “ಎಣಿಸಿಕೊಂಡು ತಿಂದದ್ದು ಮೈಗೆ ಹತ್ತೋದಿಲ್ಲಪ್ಪ” ಎಂದರು. ಹತ್ತಬಾರದೆಂದೇ ಎಣಿಸುತ್ತಿರುವೆನಮ್ಮ ಎಂದು ಉತ್ತರಿಸುವಷ್ಟರಲ್ಲಿ ಎರಡನೆಯ ಒಬ್ಬಟ್ಟು ತಟ್ಟೆಗೆ ಬಿದ್ದು, ಅದರ ಮೇಲೆ ತುಪ್ಪವೂ ಧಾರೆಯಾಗಿ ಇಳಿದಿತ್ತು. ಆ ರಾತ್ರಿ ಖಿರ್ದಿಯಲ್ಲಿ ಹೀಗೆ ಬರೆದೆನು: ಒಬ್ಬಟ್ಟು, ಎರಡು, ತುಪ್ಪ, ಅಂದಾಜು.