ಕೊಡು, ಕೊಡಿ

(ಹೊರಗಿನಿಂದ ಬಂದವರಿಗೆ ಬಹುಕಾಲ ಕನ್ನಡ ಕಲಿಸಿದ ಮೇಷ್ಟ್ರು, ಈಗ ಅದೇ ಕೆಲಸಕ್ಕೆ ಹೊರಟಿರುವ ಅವರ ಹಳೆಯ ವಿದ್ಯಾರ್ಥಿನಿ.)

ವಿದ್ಯಾರ್ಥಿನಿ: ಸಾರ್, ಹೊಸಬರಿಗೆ ಕನ್ನಡ ಕಲಿಸುವಾಗ ನಾವು ‘ದಯವಿಟ್ಟು’, ‘ಧನ್ಯವಾದ’, ‘ಕ್ಷಮಿಸಿ’ ಇವುಗಳಿಂದಲೇ ಶುರು ಮಾಡುತ್ತೇವೆ. ಮರ್ಯಾದೆಯ ಮಾತಿಗೆ ಇಷ್ಟು ಸಾಕು ಅಂದುಕೊಂಡಿದ್ದೇವೆ. 2011ರ ಜನಗಣತಿಯ ಹೊತ್ತಿಗೇ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ತಾಯ್ನುಡಿಯಾಗಿದ್ದವರು ಅರ್ಧಕ್ಕಿಂತ ಕಡಿಮೆ. ಇಂಥ ಊರಿನಲ್ಲಿ ಮೂರು ಪದಗಳ ಪಾಠ ಎಷ್ಟು ದೂರ ಬಂದೀತು?

ಮೇಷ್ಟ್ರು: ಹುಡುಕುವ ಜಾಗವೇ ತಪ್ಪಮ್ಮ. ಆ ಪದಗಳನ್ನು ಕನ್ನಡದವರೇ ಮನೆಯಲ್ಲಿ, ಅಂಗಡಿಯಲ್ಲಿ ಆಡುವುದು ಅಪರೂಪ. ‘ಸ್ವಲ್ಪ ನೀರು ಕೊಡಿ’ ಅಂದರೆ ವಿನಯವೆಲ್ಲ ಬಂತು: ಅರ್ಧ ಆ ‘ಸ್ವಲ್ಪ’ದಲ್ಲಿ, ಇನ್ನರ್ಧ ಕೊನೆಯ ‘ಇ’ಕಾರದಲ್ಲಿ. ಧಾರವಾಡದ ಕಡೆ ಅದೇ ‘ಕೊಡ್ರಿ’. ಇಂಗ್ಲಿಷಿನವರು ಬಿಡಿಪದಗಳಲ್ಲಿ ಇಟ್ಟುಕೊಂಡ ಮರ್ಯಾದೆಯನ್ನು ನಾವು ಕ್ರಿಯಾಪದದ ಬಾಲದಲ್ಲಿ ಇಟ್ಟಿದ್ದೇವೆ. ಇನ್ನೊಂದು ತೊಡಕಿದೆ, ನೋಡು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟಿನಿಂದ ಹಿಡಿದು ಇವತ್ತಿನವರೆಗೂ ನಮ್ಮ ನಿಘಂಟುಗಳು ಕ್ರಿಯಾಪದವನ್ನು ಧಾತುರೂಪದಲ್ಲೇ ಕೊಡುತ್ತವೆ: ಕೊಡು, ಬಾ, ಹೋಗು, ನಿಲ್ಲಿಸು. ಆ ಧಾತುವೇ ಏಕವಚನದ ಅಪ್ಪಣೆಯೂ ಹೌದು. ಹಿಂದಿಯ ನಿಘಂಟಿನಲ್ಲಿ ಸಿಗುವ ‘ದೇನಾ’ವನ್ನು ಹಾಗೇ ಆಡಿದರೂ ಅಷ್ಟೇನೂ ಒರಟೆನಿಸುವುದಿಲ್ಲ, ನಮ್ಮ ‘ಕೊಡು’ ಹಾಗಲ್ಲ. ಪಟ್ನಾದಿಂದ ಬಂದ ಹುಡುಗನೊಬ್ಬ ಪದ ಹುಡುಕಿ, ಬಾಯಿಪಾಠ ಮಾಡಿಕೊಂಡು, ಐವತ್ತು ದಾಟಿದ ಆಟೋ ಚಾಲಕರಿಗೆ ‘ಇಲ್ಲಿ ನಿಲ್ಲಿಸು’ ಅನ್ನುತ್ತಾನೆ ಅಂದುಕೋ. ಅವನ ಲೆಕ್ಕದಲ್ಲಿ ಅದು ಈ ಊರಿಗೆ ತೋರಿಸಿದ ಗೌರವ. ಅವರ ಕಿವಿಗೆ ಅದು ಅಧಿಕಪ್ರಸಂಗ. ಅವನಿಗೆ ‘ಇ’ಕಾರದ ಪಾಠ ಬೇಕು, ಅವರಿಗೂ ಒಂದು ಪಾಠ ಬೇಕು, ಇಲ್ಲಿ ಮಾತಾಡುತ್ತಿರುವುದು ಸೊಕ್ಕಲ್ಲ, ನಿಘಂಟು ಅಂತ.

ವಿದ್ಯಾರ್ಥಿನಿ: ಬಂದವರಿಗೆ ರಿಯಾಯಿತಿ, ಇದ್ದವರಿಗೆ ಪಾಠ ಅಂತಾಗಲಿಲ್ಲವೇ? ಹತ್ತು ವರ್ಷ ಇದ್ದರೂ ಒಂದು ವಾಕ್ಯ ಕಲಿಯದವರ ಬಗ್ಗೆ ಜನರಿಗಿರುವ ನೋವು ಸುಳ್ಳಲ್ಲ.

ಮೇಷ್ಟ್ರು: ಸುಳ್ಳಲ್ಲ. ಕಲಿಯುವ ಮೊದಲ ಹೊಣೆ ಬಂದವರದೇ, ಅದರಲ್ಲಿ ಚೌಕಾಸಿ ಇಲ್ಲ. ಆದರೆ ಕಲಿಯದವನ ಮೇಲಿನ ಸಿಟ್ಟು ಹೋಗಿ ಬೀಳುವುದು ಯಾರ ಮೇಲೆ? ಕಲಿಯದವನು ಬಾಯೇ ಬಿಡುವುದಿಲ್ಲ, ಹಾಗಾಗಿ ತಪ್ಪೂ ಮಾಡುವುದಿಲ್ಲ. ತಪ್ಪು ಮಾಡುವವನು ಪ್ರಯತ್ನಪಟ್ಟವನು. ಎರಡು ಸಲ ಬೈಸಿಕೊಂಡರೆ ಅವನು ತನಗೆ ಭಯವಿಲ್ಲದ ಭಾಷೆಗೆ ವಾಪಸ್ ಹೋಗುತ್ತಾನೆ.

ವಿದ್ಯಾರ್ಥಿನಿ: ಒಪ್ಪಿದೆ. ನನ್ನನ್ನು ಕಾಡುವುದು ಅದರ ಮುಂದಿನ ಪ್ರಶ್ನೆ. ಯಾರಿಗೆ ‘ನೀನು’, ಯಾರಿಗೆ ‘ನೀವು’ ಅಂತ ಕಲಿಯುವವನು ಕೇಳುತ್ತಾನೆ. ಸುತ್ತಮುತ್ತ ಕೇಳಿಸಿಕೊಂಡು ಕಲಿ ಅಂದರೆ ಅವನ ಕಿವಿಗೆ ಏನು ಬೀಳುತ್ತದೆ? ಮ್ಯಾನೇಜರಿಗೆ ‘ಬನ್ನಿ’, ಕಸ ಒಯ್ಯಲು ಬಂದವರಿಗೆ ‘ಬಾ’. ಊರ ಕಡೆ ಹೋದರೆ, ಗೌಡರ ಮನೆಯ ಮೊಮ್ಮಗನಿಗೆ ಬಹುವಚನ, ಅವರ ಹೊಲದಲ್ಲಿ ದುಡಿಯುವ ದಲಿತ ಮುದುಕನಿಗೆ ಏಕವಚನ. ವ್ಯಾಕರಣದ ಜೊತೆಗೆ ಜಾತಿಯನ್ನೂ ಅವನು ಕಲಿತುಬಿಡುತ್ತಾನೆ, ಅದೂ ಅದು ಜಾತಿ ಅಂತ ಗೊತ್ತಾಗದೆ.

ಮೇಷ್ಟ್ರು: ಆದರೆ ಜನ ಹೇಗೆ ಮಾತಾಡುತ್ತಾರೋ ಹಾಗೆ ಕಲಿಸುವುದಲ್ಲವೇ ಭಾಷೆಯ ಮೇಷ್ಟರ ಕೆಲಸ? ಸಂಸ್ಕೃತಿ ಪರಿಚಯಿಸುತ್ತೇನೆ ಅಂತ ಹೊರಟು ಅದನ್ನು ತಿದ್ದಲು ಕೂತರೆ, ಯಾರು ಕೊಟ್ಟ ಅಧಿಕಾರ ಅಂತ ಕೇಳುತ್ತಾರೆ.

ವಿದ್ಯಾರ್ಥಿನಿ: ಕೇಳಲಿ. ಇದ್ದದ್ದನ್ನು ಇದ್ದ ಹಾಗೆ ಕಲಿಸುವುದೂ ಒಂದು ಪಕ್ಷ ವಹಿಸಿದ ಹಾಗೆಯೇ. ಅದು ‘ಬನ್ನಿ’ ಅನ್ನಿಸಿಕೊಳ್ಳುವವರ ಪಕ್ಷ. ‘ಏಕವಚನದಲ್ಲಿ ಮಾತಾಡಿದ’ ಅನ್ನುವುದೇ ಕನ್ನಡದಲ್ಲಿ ಒಂದು ದೂರು. ಅಂದಮೇಲೆ ದಿನಾ ಅದನ್ನು ಕೇಳಿಸಿಕೊಳ್ಳುವವರಿಗೂ ನೋವಾಗಿಯೇ ಇರುತ್ತದೆ. ದೂರು ಹೇಳುವ ಜಾಗ ಅವರಿಗಿರಲಿಲ್ಲ ಅಷ್ಟೆ. ಮಾತಿನ ಪದ್ಧತಿ ಬದಲಾಗದ ವಸ್ತುವೂ ಅಲ್ಲ. ಸ್ವೀಡನ್ನಿನಲ್ಲಿ ಹುದ್ದೆ, ಬಿರುದು ಹಿಡಿದು ಕರೆಯುವ ರೂಢಿಯಿತ್ತು. 1967ರಲ್ಲಿ ಅಲ್ಲಿನ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆಡ್, ನೌಕರರೆಲ್ಲರನ್ನೂ ‘ದು’ ಅಂತಲೇ, ಅಂದರೆ ‘ನೀನು’ ಅಂತಲೇ ಮಾತಾಡಿಸುವುದಾಗಿ ಹೇಳಿದರು. ಆಗಲೇ ಶುರುವಾಗಿದ್ದ ಬದಲಾವಣೆ ಕೆಲವೇ ವರ್ಷಗಳಲ್ಲಿ ದೇಶದ ತುಂಬ ಹರಡಿತು.

ಮೇಷ್ಟ್ರು: ಅವರು ಎಲ್ಲರನ್ನೂ ‘ನೀನು’ವಿಗೆ ಇಳಿಸಿದರು, ನೀನು ಎಲ್ಲರನ್ನೂ ‘ನೀವು’ವಿಗೆ ಏರಿಸಲು ಹೊರಟಿದ್ದೀ. ನಮ್ಮ ಏಕವಚನದಲ್ಲಿ ಪ್ರೀತಿಯೂ ಇದೆಯಲ್ಲ? ವಚನಕಾರರು ದೇವರನ್ನೇ ‘ನೀನು’ ಅಂದರು. ಅವ್ವನಿಗೆ ‘ನೀವು’ ಅಂದರೆ ಎಷ್ಟೋ ಮನೆಗಳಲ್ಲಿ ಅವ್ವ ಗಾಬರಿಯಾಗುತ್ತಾಳೆ. ಗಂಡ ಹೆಂಡಿರ ಜಗಳದಲ್ಲಿ ‘ನೀವು ದೊಡ್ಡವರು ಬಿಡಿ’ ಅನ್ನುವುದಕ್ಕಿಂತ ಕೊಯ್ಯುವ ಮಾತಿಲ್ಲ.

ವಿದ್ಯಾರ್ಥಿನಿ: ಅವ್ವ, ದೇವರು, ಗೆಳೆಯ, ಇವರ ಏಕವಚನ ಸಲಿಗೆಯಿಂದ ಬಂದದ್ದು. ನಾನು ತೆಗೆಯಬೇಕು ಅನ್ನುವುದು ಅದನ್ನಲ್ಲ. ನೀವು ನನಗೆ ‘ನೀನು’ ಅನ್ನುತ್ತೀರಿ, ನಾನು ನಿಮಗೆ ‘ನೀವು’ ಅನ್ನುತ್ತೇನೆ. ಅದು ನನಗೆ ಇಷ್ಟ, ಬೇಡ ಅನ್ನಿಸಿದ ದಿನ ಹೇಳುವ ಧೈರ್ಯವೂ ನನಗಿದೆ. ಮನೆಗೆಲಸಕ್ಕೆ ಬರುವ ಅರವತ್ತರ ಹೆಂಗಸಿಗೆ ಆರು ವರ್ಷದ ಮಗು ‘ಏಯ್, ನೀನು ಬಾ’ ಅನ್ನುವಾಗ ಆಕೆಗೆ ಇಷ್ಟವೇ ಅಂತ ಯಾರೂ ಕೇಳಿರುವುದಿಲ್ಲ. ಬೇಡ ಅಂದರೆ ಕೆಲಸ ಹೋದೀತು. ಬಹುವಚನದ ಒಳಗೆ ತಿರಸ್ಕಾರ ಅಡಗಿರಬಹುದು, ನಿಜ. ಮನಸ್ಸನ್ನು ನಾನು ಕಲಿಸಲಾರೆ. ‘ಇ’ಕಾರ ಕಲಿಸಬಲ್ಲೆ.

ಮೇಷ್ಟ್ರು: ಹಾಗಾದರೆ ಮೊದಲ ದಿನ ಹಲಗೆಯ ಮೇಲೆ ಏನು ಬರೆಯುತ್ತೀ?

ವಿದ್ಯಾರ್ಥಿನಿ: ಬನ್ನಿ, ಕೊಡಿ, ಹೇಳಿ, ನಿಲ್ಲಿಸಿ, ಕೂತ್ಕೊಳ್ಳಿ. ಧಾತುರೂಪ ಮೂರನೇ ವಾರಕ್ಕೆ. ಜೊತೆಗೆ ಒಂದು ಪ್ರಶ್ನೆ: ‘ನಿಮ್ಮನ್ನ ಏನಂತ ಕರೀಲಿ?’ ಆಫೀಸಿನಲ್ಲಿ ಪಕ್ಕದ ಕುರ್ಚಿಯವರಿಗೆ, ಮೆಟ್ಟಿಲು ಒರೆಸುವವರಿಗೆ, ಬೆಳಿಗ್ಗೆ ಗೇಟಿನ ಹತ್ತಿರ ಕಸಕ್ಕೆ ಬರುವ ಪೌರಕಾರ್ಮಿಕರಿಗೆ, ಎಲ್ಲರಿಗೂ ಅದನ್ನೇ ಕೇಳಿಕೊಂಡು ಬರಬೇಕು. ಎರಡನೇ ದಿನ ಅವರವರ ಹೆಸರು ಹೇಳಿಸುತ್ತೇನೆ.