ಹಿಡಿದ ಸಂಕಲ್ಪವನ್ನು ಅರ್ಧದಲ್ಲಿ ಬಿಡಬಹುದೇ?

ಬೆಟ್ಟ ಹತ್ತಿ ಬಂದ ಭಕ್ತಾದಿಗಳೇ, ನಿಮ್ಮಲ್ಲಿ ಒಂದು ಮಾತು ಕೇಳಬೇಕು. ಮೆಟ್ಟಿಲು ಹತ್ತುವಾಗ ಎಲ್ಲೋ ಒಂದು ಕಡೆ, “ಸಾಕಪ್ಪಾ ಸಾಕು, ಇಲ್ಲಿಂದಲೇ ಕೈ ಮುಗಿದು ಇಳಿದುಬಿಡೋಣ” ಅಂತ ಮನಸ್ಸಿಗೆ ಬಂತೋ ಇಲ್ಲವೋ? ಬಂದಿದ್ದರೆ ನಾಚಿಕೆ ಪಡಬೇಡಿ, ಎಲ್ಲರಿಗೂ ಬರುತ್ತೆ. ಬುಡದಲ್ಲಿ ನಿಂತಾಗ ಹಣ್ಣುಕಾಯಿ ಕೈಯಲ್ಲಿರುತ್ತದೆ, ಉತ್ಸಾಹ ಮನಸ್ಸಿನಲ್ಲಿರುತ್ತದೆ. ತುದಿಗೆ ಬಂದು ಗೋಪುರ ಕಂಡ ಮೇಲೆ ಕಾಲಿಗೆ ತಾನಾಗಿಯೇ ಬಲ ಬರುತ್ತದೆ. ಕಷ್ಟವೆಲ್ಲಾ ಇರುವುದು ನಡುವಿನಲ್ಲಿ. ಅಲ್ಲಿ ಹಿಂದಕ್ಕೆ ನೋಡಿದರೆ ಬುಡ ಕಾಣದು, ಮುಂದಕ್ಕೆ ನೋಡಿದರೆ ಗೋಪುರ ಕಾಣದು. ಸಂಕಲ್ಪಕ್ಕೆ ಪರೀಕ್ಷೆ ನಡೆಯುವುದು ಆ ಜಾಗದಲ್ಲಿ.

ಕೆಲವು ವರ್ಷಗಳ ಹಿಂದೆ ಕಾರ್ತೀಕ ಮಾಸದ ಕೊನೆಯಲ್ಲಿ ಒಂದು ಬೆಳಿಗ್ಗೆ, ಇದೇ ಮೆಟ್ಟಿಲುಗಳ ನಡುವಿನ ಮಂಟಪದಲ್ಲಿ ದಣಿವಾರಿಸಿಕೊಳ್ಳುತ್ತಾ ಕೂತಿದ್ದೆ. ಮೊಬೈಲ್ ಹೊಡೆದುಕೊಂಡಿತು. ಅಮೆರಿಕದಲ್ಲಿರುವ ನನ್ನ ತಂಗಿಯ ಮಗ. ಇಲ್ಲಿ ಬೆಳಿಗ್ಗೆ ಹತ್ತೂವರೆ ಅಂದರೆ ಅವನಿರುವ ಕಡೆ ಹಿಂದಿನ ದಿನದ ರಾತ್ರಿ ಹನ್ನೊಂದು ಗಂಟೆ. ಹಲ್ಲು ಕಟಕಟ ಅನ್ನುವುದು ಫೋನಿನಲ್ಲೇ ಕೇಳಿಸುತ್ತಿತ್ತು.

“ಮಾವ, ಇವತ್ತಿಗೆ ಒಂಬತ್ತು ರಾತ್ರಿ ಆಯ್ತು. ಇನ್ನು ನನ್ನ ಕೈಲಾಗಲ್ಲ ಅನ್ಸುತ್ತೆ. ಒಳಗೆ ಹೋಗಿ ಮಲಕ್ಕೊಂಡ್ಬಿಡ್ಲಾ?”

ಏನಿದು ಅಂತ ನಿಮಗೆ ಹೇಳಬೇಕು. ಅವನಿರುವುದು ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದ ಹತ್ತಿರ. ನಮ್ಮ ದೇಶದ ಬಯಲುಸೀಮೆಯವರಿಗೆ ಆ ಚಳಿಯ ಕಲ್ಪನೆಯೇ ಬರುವುದಿಲ್ಲ. ನವೆಂಬರ್ ಬಂತೆಂದರೆ ರಾತ್ರಿ ನೀರು ಹೆಪ್ಪುಗಟ್ಟುತ್ತದೆ. ಜನವರಿಯಲ್ಲಿ ದೊಡ್ಡ ದೊಡ್ಡ ಕೆರೆಗಳ ಮೇಲೆ ಮಂಜುಗಡ್ಡೆ ಎಷ್ಟು ದಪ್ಪ ಕಟ್ಟುತ್ತದೆ ಎಂದರೆ, ಜನ ಅದರ ಮೇಲೆ ವಾಹನ ಓಡಿಸುತ್ತಾರೆ! ಅಂಥಾ ಊರಿನಲ್ಲೂ ಮನೆಯಿಲ್ಲದವರು ಇದ್ದಾರೆ. ಸಿರಿವಂತ ದೇಶ, ಅಲ್ಲಿ ಯಾರಿಗೇನು ಕಮ್ಮಿ ಅಂತ ನಾವು ತಿಳಿದಿರುತ್ತೇವೆ. ಕೆಲಸ ಹೋದರೆ, ಮನೆಯಲ್ಲಿ ಒಬ್ಬರು ಕಾಯಿಲೆ ಬಿದ್ದರೆ, ಒಂದೆರಡು ತಿಂಗಳ ಬಾಡಿಗೆ ಬಾಕಿ ಬಿದ್ದರೆ ಸಾಕು, ಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬರಬೇಕಾಗುತ್ತದೆ.

ಮಿನಿಯಾಪೊಲಿಸ್‌ನ ಪಕ್ಕದಲ್ಲೇ ವೈಜೆಟಾ ಎಂಬ ಪುಟ್ಟ ಊರಿದೆ. ಅಲ್ಲಿ ಬಾಬ್ ಫಿಷರ್ ಎಂಬುವರು ಬೂಟು ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ಅಮೆರಿಕದವರಿಗೆ ನವೆಂಬರ್ ತಿಂಗಳ ನಾಲ್ಕನೇ ಗುರುವಾರ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಮನೆಮಂದಿಯೆಲ್ಲಾ ಕೂತು ಊಟ ಮಾಡುವ ದಿನ. 1996ರಲ್ಲಿ ಈ ಫಿಷರ್ ಅವರು, 100 ಬಡ ಕುಟುಂಬಗಳಿಗೆ ಆ ಹಬ್ಬದ ಊಟ ಕೊಡಿಸಲು 7,000 ಡಾಲರ್ ಕೂಡಿಸಬೇಕು, ಅಷ್ಟು ಕೂಡುವ ತನಕ ಮನೆಯೊಳಗೆ ಮಲಗುವುದಿಲ್ಲ ಎಂದು ಸಂಕಲ್ಪ ಮಾಡಿ, ಹೊರಗೆ ಟೆಂಟ್ ಹಾಕಿಕೊಂಡು ಮಲಗಿದರು. ಕೂಡಿದ್ದು 10,000 ಡಾಲರ್! ಆಮೇಲೆ ಆ ಊರಿನ ಸೇವಾಸಂಸ್ಥೆಯೊಂದು ಅವರ ಜೊತೆ ಸೇರಿತು. ಹಬ್ಬದ ಊಟದಿಂದ ಶುರುವಾದದ್ದು ಬಾಡಿಗೆ ಕಟ್ಟಲಾಗದವರ ಸೂರು ಉಳಿಸುವ ಕೆಲಸವಾಯಿತು. ವರ್ಷವರ್ಷವೂ ಮಕ್ಕಳು, ಸಂಸಾರಸ್ಥರು ಎನ್ನದೆ ಜನ ಹೊರಗೆ ಮಲಗಿ ಲಕ್ಷಾಂತರ ಡಾಲರ್ ಕೂಡಿಸಿದರು. ಮನೆ ಕಳೆದುಕೊಂಡವರಿಗೆ ಮತ್ತೆ ಮನೆ ಹುಡುಕಿಕೊಡುವುದಕ್ಕಿಂತ, ಇರುವ ಮನೆ ಹೋಗದಂತೆ ಸಕಾಲದಲ್ಲಿ ಒಂದು ತಿಂಗಳ ಬಾಡಿಗೆ ಕಟ್ಟುವುದು ಸುಲಭವಲ್ಲವೇ? ಚಪ್ಪಲಿ ಹೊಲಿಯುವ ಕಾಯಕ ಎಂದ ಕೂಡಲೇ ನಮಗೆ ಕಲ್ಯಾಣದ ಹರಳಯ್ಯನವರು ನೆನಪಾಗುತ್ತಾರೆ. ಕಾಯಕ, ದಾಸೋಹ ಎಂಬ ಮಾತನ್ನೇ ಕೇಳದ ದೇಶದಲ್ಲಿ ಒಬ್ಬ ಬೂಟು ಹೊಲಿಯುವವರು ಅದನ್ನು ಮಾಡಿ ತೋರಿಸಿದರು.

ನನ್ನ ಸೋದರಳಿಯ ಇದನ್ನೆಲ್ಲಾ ಕೇಳಿ, ತನ್ನ ಮನೆಯ ಹಿತ್ತಿಲಲ್ಲಿ ಟೆಂಟ್ ಹಾಕಿದ್ದ. 21 ರಾತ್ರಿ ಹೊರಗೆ ಮಲಗುತ್ತೇನೆ, ಗೊತ್ತಿರುವವರನ್ನೆಲ್ಲಾ ಕೇಳಿ 5,000 ಡಾಲರ್ ಕೂಡಿಸುತ್ತೇನೆ ಅಂತ ಅವನ ಲೆಕ್ಕ. ಮೊದಲ ನಾಲ್ಕು ದಿನ ಸರಸರ ಅಂತ ದುಡ್ಡು ಬಂತಂತೆ. ಅರ್ಧ ದಾಟಿದ್ದೇ ತಡ, ನಿಂತುಹೋಯಿತು. ಐದು ದಿನ ಒಂದು ಡಾಲರೂ ಇಲ್ಲ. ಕೇಳಬೇಕಾದವರನ್ನೆಲ್ಲಾ ಕೇಳಿಯಾಗಿತ್ತು. ಸಾಲದ್ದಕ್ಕೆ ಆ ದಿನ ಆಫೀಸಿನಲ್ಲಿ ಜೊತೆಯವನೊಬ್ಬ, “ನೀನು ನಡುಗಿದರೆ ಅವರಿಗೆ ಬೆಚ್ಚಗಾಗುತ್ತಾ?” ಅಂತ ಕೇಳಿ ನಕ್ಕಿದ್ದ. ಇವನಿಗೆ ಉತ್ತರ ತೋಚಲಿಲ್ಲ. ಅದೇ ಮಾತು ರಾತ್ರಿ ಟೆಂಟಿನೊಳಗೂ ಬಂದು ಕೂತಿತ್ತು.

ನಾನು ಏನು ಹೇಳಿದೆ ಗೊತ್ತೇ? “ಒಳಗೆ ಹೋಗಿ ಮಲಕ್ಕೋ ಮಗೂ. ಯಾರು ನೋಡ್ತಾರೆ? ಮಿಕ್ಕಿದ ದುಡ್ಡು ನಾವು ನಾವೇ ಸೇರಿ ಹಾಕಿದರಾಯ್ತು” ಅಂದೆ. ಅವನು “ಸರಿ ಮಾವ” ಅಂತ ಫೋನ್ ಇಟ್ಟ.

ಮೇಲೆದ್ದು ಎರಡು ಮೆಟ್ಟಿಲು ಹತ್ತಿದೆ. ಮೂರನೆಯದಕ್ಕೆ ಕಾಲು ಏಳಲಿಲ್ಲ. “ಯಾರು ನೋಡ್ತಾರೆ?” ಅಂದೆನಲ್ಲಾ! ದೇವರ ಬೆಟ್ಟದ ಮೇಲೆ ನಿಂತು, ಹರಕೆ ತೀರಿಸಲು ಹೊರಟವನು ಆಡುವ ಮಾತೇ ಅದು? ಪ್ರೀತಿಯಿಂದಲೇ ಹೇಳಿದ್ದು, ನಿಜ. ತಂಗಿಯ ಒಬ್ಬನೇ ಮಗ ಹಿಮದಲ್ಲಿ ಮಲಗಿದ್ದಾನೆ ಅಂದರೆ ಕರುಳು ಚುರುಕ್ ಅನ್ನದೆ ಇರುತ್ತದೆಯೇ? ಆದರೆ ಆ ಪ್ರೀತಿಯಲ್ಲಿ ಅವನ ಸಂಕಲ್ಪಕ್ಕೆ ಬೆಲೆಯೇ ಇರಲಿಲ್ಲ. ಅವನು ಯಾರಿಗಾಗಿ ಮಲಗಿದ್ದನೋ ಅವರ ನೆನಪೂ ಇರಲಿಲ್ಲ.

ಆ ದಿನವೆಲ್ಲಾ ಆ ಸಹೋದ್ಯೋಗಿಯ ಮಾತನ್ನೇ ಮೆಲುಕು ಹಾಕಿದೆ. ಅವನು ಹೇಳಿದ್ದು ಸುಳ್ಳೇ? ಅಲ್ಲ. ನಾನು ಉಪವಾಸ ಮಾಡಿದರೆ ಹಸಿದವನ ಹೊಟ್ಟೆ ತುಂಬುವುದಿಲ್ಲ. ನಾನು ನಡುಗಿದರೆ ಇನ್ನೊಬ್ಬನಿಗೆ ಬೆಚ್ಚಗಾಗುವುದಿಲ್ಲ. 2009ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ರಾಜಕುಮಾರ ವಿಲಿಯಂ, ಮನೆಯಿಲ್ಲದ ತರುಣರಿಗಾಗಿ 1969ರಿಂದ ದುಡಿಯುತ್ತಿರುವ ಸೆಂಟರ್‌ಪಾಯಿಂಟ್ ಸಂಸ್ಥೆಯ ಪರವಾಗಿ, ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್ ಸೇತುವೆಯ ಹತ್ತಿರ ಬೀದಿಯಲ್ಲಿ ಒಂದು ರಾತ್ರಿ ಮಲಗಿದರು. ಸೊನ್ನೆಗಿಂತ 4 ಡಿಗ್ರಿ ಕೆಳಗಿನ ಚಳಿ. ಅರಮನೆಯಲ್ಲಿ ಬೆಳೆದವರು ರಟ್ಟಿನ ಮೇಲೆ ಮಲಗಿದರು. ಬೆಳಗಾದ ಮೇಲೆ ಅವರು ಹೇಳಿದ್ದೇನು? ದಿನವೂ ಬೀದಿಯಲ್ಲೇ ಮಲಗುವವರ ಪಾಡು ಏನೆಂದು ಒಂದು ರಾತ್ರಿ ಮಲಗಿದ ನನಗೆ ಊಹಿಸಲೂ ಆಗದು ಎಂದರು. ಅವರ ಕಷ್ಟ ನನಗೂ ಗೊತ್ತಾಯಿತು ಎಂದಿದ್ದರೆ ಅದು ಬೂಟಾಟಿಕೆ ಆಗುತ್ತಿತ್ತು. ಗೊತ್ತಾಗಲಿಲ್ಲ ಎಂದು ಒಪ್ಪಿಕೊಂಡರಲ್ಲ, ಆ ರಾತ್ರಿಗೆ ಬೆಲೆ ಬಂದದ್ದು ಅದರಿಂದ.

ಹಾಗಾದರೆ ಹೊರಗೆ ಮಲಗುವುದು ಯಾಕೆ? ಬರೀ ಬಾಯಿಮಾತಿನಲ್ಲಿ ದುಡ್ಡು ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ತನ್ನ ನಿದ್ದೆಯನ್ನೇ ಪಣವಿಟ್ಟು ಕೇಳಿದರೆ ನಾಲ್ಕು ಜನ ನಿಂತು ನೋಡುತ್ತಾರೆ, ಇವನು ಸುಮ್ಮನೆ ಕೇಳುತ್ತಿಲ್ಲ ಅಂತ ನಂಬುತ್ತಾರೆ. ಚಳಿ ಇಲ್ಲಿ ಕಾಣಿಕೆಯಲ್ಲ. ಕಾಣಿಕೆ ಕೇಳುವವನು ತೋರಿಸುವ ಜಾಮೀನು.

ಸಂಕಲ್ಪವನ್ನು ಹಿಡಿದು ನಿಲ್ಲಿಸುವ ಶಕ್ತಿಗಳು ಎರಡಿವೆ. ಒಂದು ಛಲ, ಇನ್ನೊಂದು ನಿಷ್ಠೆ. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಛಲ ಕೇಳುವುದು, “ನಾನು ಗೆದ್ದೆನಾ?” ಅಂತ. ನಿಷ್ಠೆ ಕೇಳುವುದು, “ಅವರಿಗೆ ಮುಟ್ಟಿತಾ?” ಅಂತ. ಛಲ ಹುಲ್ಲಿನ ಬೆಂಕಿ, ನೋಡುವವರು ಇರುವ ತನಕ ಭಗ್ಗನೆ ಉರಿಯುತ್ತದೆ. ಜನ ಚದುರಿದ ಮೇಲೆ, ಯಾರಾದರೂ ನಕ್ಕ ಮೇಲೆ, ಬೂದಿ. ನಿಷ್ಠೆ ಬೂದಿಯೊಳಗಿನ ಕೆಂಡ. ಹೊರಗೆ ಏನೂ ಕಾಣದು, ಬೆಳಿಗ್ಗೆ ಕೆದಕಿದರೆ ಒಲೆ ಹತ್ತುತ್ತದೆ. ನನ್ನ ಅಳಿಯ ಶುರು ಮಾಡಿದ್ದು ಛಲದಿಂದಲೇ ಇರಬೇಕು. ಒಂಬತ್ತನೇ ರಾತ್ರಿ ಅದು ಮುಗಿದುಹೋಗಿತ್ತು. ಈಗ ನಿಷ್ಠೆ ಇದೆಯೋ ಇಲ್ಲವೋ ಅನ್ನುವುದೇ ಪ್ರಶ್ನೆ.

ಅವತ್ತು ರಾತ್ರಿ, ಅಲ್ಲಿ ಬೆಳಗಾಗುವ ಹೊತ್ತಿಗೆ ನಾನೇ ಫೋನ್ ಮಾಡಿದೆ. “ಒಳಗೆ ಮಲಗಿದೆಯಾ?”

“ಇಲ್ಲ ಮಾವ. ಹೋಗೋಣ ಅಂತ ಎದ್ದೆ. ಮನೆ ಬೀಗದ ಕೈ ಜೇಬಲ್ಲೇ ಇತ್ತು. ತಣ್ಣಗೆ ಕೈಗೆ ತಗುಲ್ತು. ಹತ್ತು ಹೆಜ್ಜೆ ಹೋಗಿ ಬಾಗಿಲು ತೆಗೆದರೆ ಮುಗೀತು. ಆಗ ಅನ್ನಿಸ್ತು, ಈ ಬೀಗದ ಕೈ ಇಲ್ಲದವರಿಗೋಸ್ಕರ ಅಲ್ವಾ ನಾನು ಹೊರಗಿರೋದು? ಅವರಿಗೆ ಇಪ್ಪತ್ತೊಂದು ರಾತ್ರಿ ಅಂತ ಲೆಕ್ಕ ಇಲ್ಲ, ನಾಳೆ ಬಿಡ್ತೀನಿ ಅನ್ನೋ ಹಾಗೂ ಇಲ್ಲ. ವಾಪಸ್ ಬಂದು ಮಲಕ್ಕೊಂಡೆ. ಚಳಿ ಏನೂ ಕಮ್ಮಿ ಆಗಲಿಲ್ಲ. ಆದ್ರೆ ಹೋಗ್ಬೇಕು ಅನ್ನೋದು ಹೋಯ್ತು.”

ನನಗೆ ಮಾತು ಹೊರಡಲಿಲ್ಲ. “ನಾನು ನಿನಗೆ ತಪ್ಪು ಹೇಳಿದೆ ಕಣಪ್ಪಾ” ಅಂದೆ. ನಕ್ಕ.

ಭಕ್ತಾದಿಗಳೇ, ಇಷ್ಟಕ್ಕೇ ಕಥೆ ನಿಲ್ಲಿಸಿದರೆ ಅರ್ಧಸತ್ಯ ಹೇಳಿದಂತಾಗುತ್ತದೆ. ಡಿಸೆಂಬರ್ ಮೊದಲ ವಾರ ಚಳಿ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೆ ಇಳಿಯಿತು. ಮತ್ತೆ ಫೋನ್. ಈ ಸಲ ನಾನೇ ಒತ್ತಾಯ ಮಾಡಿ ಒಳಗೆ ಕಳಿಸಿದೆ. ಇದೇನು, ಒಮ್ಮೆ ಹಾಗೆ ಒಮ್ಮೆ ಹೀಗೆ ಅಂತೀರಾ? ಮನುಷ್ಯನ ಮೈಶಾಖ 35 ಡಿಗ್ರಿಗಿಂತ ಕೆಳಗೆ ಹೋದರೆ ಪ್ರಾಣಕ್ಕೆ ಅಪಾಯ. ಮೊದಲು ನಡುಕ, ಆಮೇಲೆ ನಡುಕವೂ ನಿಂತು ಬುದ್ಧಿ ಮಂಕಾಗುತ್ತದೆ, ತನಗೆ ಏನಾಗುತ್ತಿದೆ ಅನ್ನುವುದೇ ತಿಳಿಯುವುದಿಲ್ಲ. ಬೇಸರವಾಯಿತು ಅಂತ ಬಿಡುವುದು ಬೇರೆ, ಪ್ರಾಣ ಉಳಿಸಿಕೊಳ್ಳಲು ಒಳಗೆ ಹೋಗುವುದು ಬೇರೆ. ಸತ್ತರೆ ಯಾರ ಬಾಡಿಗೆಯೂ ಕಟ್ಟಿದಂತಾಗುವುದಿಲ್ಲ. ಛಲಕ್ಕೆ ಈ ವ್ಯತ್ಯಾಸ ತಿಳಿಯದು, ನಿಷ್ಠೆಗೆ ತಿಳಿಯುತ್ತದೆ.

ಎರಡು ರಾತ್ರಿ ಅವನು ಒಳಗೆ ಮಲಗಿದ. ಆದರೆ ಕೇಳುವುದನ್ನು ಬಿಡಲಿಲ್ಲ. ಮೊದಲು ಕೊಡದವರನ್ನು ಎರಡನೇ ಸಲ ಕೇಳಿದ, ಪರಿಚಯವಿಲ್ಲದ ಅಕ್ಕಪಕ್ಕದ ಮನೆಗಳ ಬಾಗಿಲು ತಟ್ಟಿದ. “ಚಳಿಗಿಂತ ಕಷ್ಟ ಇದು ಮಾವ. ಬಾಗಿಲು ತೆಗೆದವರ ಮುಖ ನೋಡೋಕೇ ಆಗಲ್ಲ” ಅಂತಿದ್ದ. ಇನ್ನೊಬ್ಬರಿಗಾಗಿ ಕೈಯೊಡ್ಡುವುದು ಸಣ್ಣ ತಪಸ್ಸಲ್ಲ. ಮೈ ನಡುಗಿದರೆ ಕಂಬಳಿ ಹೊದೆಯಬಹುದು, ಅಭಿಮಾನ ನಡುಗಿದರೆ ಏನು ಹೊದೆಯುವುದು?

ತಪ್ಪಿದ ಎರಡು ರಾತ್ರಿಗಳನ್ನು ಅವನು ಕೊನೆಯಲ್ಲಿ ಸೇರಿಸಿಕೊಂಡು 23ನೇ ರಾತ್ರಿಗೆ ಲೆಕ್ಕ ಮುಗಿಸಿದ. ನಮ್ಮಲ್ಲಿ ಹರಕೆ ತಡವಾದರೆ ತಪ್ಪುಕಾಣಿಕೆ ಕಟ್ಟುತ್ತಾರಲ್ಲ, ಹಾಗೆ. ಯಾರೂ ಅವನನ್ನು ಕೇಳಿರಲಿಲ್ಲ. ದುಡ್ಡು ಮಾತ್ರ 5,000 ಮುಟ್ಟಲಿಲ್ಲ. 4,380ಕ್ಕೆ ನಿಂತಿತು.

“ಸೋತೆ ಅಲ್ವಾ ಮಾವ?” ಅಂದ.

“620 ಕಮ್ಮಿ ಅನ್ನೋದು ನಿನ್ನ ಲೆಕ್ಕ ಕಣೋ. ಬಾಡಿಗೆ ಕಟ್ಟಲಾಗದೆ ಕೂತಿದ್ದ ಮನೆಯವರ ಲೆಕ್ಕದಲ್ಲಿ ಆ ಕಮ್ಮಿ ಎಲ್ಲೂ ಬರೋದಿಲ್ಲ. ಈ ಚಳಿಗಾಲದಲ್ಲಿ ಸೂರು ಉಳೀತು ಅನ್ನೋದಷ್ಟೇ ಬರುತ್ತೆ” ಅಂದೆ. ಇದನ್ನು ಸಮಾಧಾನಕ್ಕೆ ಹೇಳಲಿಲ್ಲ. ಇಷ್ಟೇ ಕೂಡಲಿ ಎಂಬುದು ನಮ್ಮ ಕೈಯಲ್ಲಿಲ್ಲ. ಕೊನೆಯ ದಿನದ ತನಕ ಕೇಳುತ್ತಿರುವುದು ನಮ್ಮ ಕೈಯಲ್ಲಿದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹಿಡಿದ ಸಂಕಲ್ಪವನ್ನು ಅರ್ಧದಲ್ಲಿ ಬಿಡಬಹುದೇ? ನನಗಾಗಿ ಮಾಡಿಕೊಂಡ ಸಂಕಲ್ಪವಾದರೆ, ಅದು ನನ್ನ ಮತ್ತು ನನ್ನ ದೇವರ ನಡುವಿನ ವ್ಯವಹಾರ. ಇನ್ನೊಬ್ಬರ ಹೆಸರು ಹೇಳಿ ಮಾಡಿದ ಸಂಕಲ್ಪ ಹಾಗಲ್ಲ. ಅದರಲ್ಲಿ ಅವರ ಪಾಲಿದೆ. ಅರ್ಧದಲ್ಲಿ ಬಿಟ್ಟರೆ ಬಿಟ್ಟುಕೊಟ್ಟದ್ದು ನಮ್ಮದನ್ನಲ್ಲ, ಅವರದನ್ನು. ರೀತಿ ಬದಲಾಗಬಹುದು, ಒಂದೆರಡು ರಾತ್ರಿ ತಪ್ಪಬಹುದು, ಗುರಿಗೆ ಸ್ವಲ್ಪ ಕಮ್ಮಿಯೂ ಬೀಳಬಹುದು. ಅವರನ್ನು ಮರೆತು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು ಮಾತ್ರ ಕೂಡದು.

ನಮ್ಮ ನಾಡಿನ ಚಳಿ ಮಿನ್ನೆಸೋಟದ ಚಳಿಯಲ್ಲ, ನಿಜ. ಆದರೆ 2011ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ ಮನೆಯಿಲ್ಲದವರೆಂದು ಎಣಿಸಿದ್ದು 17 ಲಕ್ಷ 70 ಸಾವಿರಕ್ಕೂ ಹೆಚ್ಚು ಜನರನ್ನು. ಧನುರ್ಮಾಸದ ಬೆಳಗಿನ ಜಾವ ಬಸ್ ಸ್ಟ್ಯಾಂಡಿನಲ್ಲಿ ಇಳಿದವರಿಗೆ, ಗೋಣಿಚೀಲ ಹೊದ್ದು ಮುದುಡಿಕೊಂಡವರು ಕಂಡೇ ಕಾಣುತ್ತಾರೆ. ಅವರಿಗೆ ಹೊದಿಕೆ ಕೊಡುವವರು ಒಂದು ಚಾಪೆಯನ್ನೂ ಜೊತೆಗೆ ಕೊಡಿ. ತಣ್ಣನೆಯ ನೆಲ ಕೆಳಗಿನಿಂದ ಮೈಶಾಖ ಹೀರುತ್ತಿದ್ದರೆ ಮೇಲೆ ಎಷ್ಟು ಹೊದ್ದರೂ ಸಾಲದು. ಒಬ್ಬರೇ ಕೊಡಲಾಗದಿದ್ದರೆ ನಾಲ್ಕು ಜನರನ್ನು ಕೇಳಿ. ಮೂರು ಜನ ಇಲ್ಲ ಅಂದರೆ ಐದನೆಯವರನ್ನು ಕೇಳಿ.

ಇವತ್ತು ಬೆಟ್ಟ ಇಳಿದು ಮನೆಗೆ ಹೋಗುತ್ತೀರಿ. ಬಾಗಿಲ ಮುಂದೆ ನಿಂತು ಬೀಗದ ಕೈ ತೆಗೆಯುತ್ತೀರಿ. ಆ ಹೊತ್ತಿನಲ್ಲಿ ಒಂದು ಕ್ಷಣ ಅದನ್ನು ಅಂಗೈಯಲ್ಲಿ ಹಿಡಿದು ನೋಡಿ. ಇಲ್ಲಿ ಮಾಡಿಕೊಂಡ ಸಂಕಲ್ಪ ಮನೆಗೆ ಹೋದ ಮೇಲೂ ನೆನಪಿರಲಿಕ್ಕೆ ಅಷ್ಟು ಸಾಕು. ದೇವರು ಎಲ್ಲರಿಗೂ ಒಳ್ಳೆಯದು ಮಾಡಲಿ.